ಬಸ್ಸಿನವನ ಲೆಕ್ಕ

ಹನ್ನೆರಡು ಲಕ್ಷ ಮೈಲಿ. ಮೂರು ಬಸ್ಸು, ಐದು ಎಂಜಿನ್ನು,
ಒಂದೇ ಒಂದು ಜಿಂಕೆ, ಪಡೂಕಾದ ಹತ್ತಿರ, ಮಂಜಿನಲ್ಲಿ.
ವರ್ಡೀ ಸ್ಟ್ಯಾಂಪರ್ ಹೇಗೆ ಮೇಲೆ ಬಂದಳು ಎಂದು ನನ್ನ ಕೇಳಿದರೆ
ನನಗೆ ಗೊತ್ತಿರುವ ಲೆಕ್ಕ ಇಷ್ಟೇ.

ಪೇಪರಿನವರ ಹತ್ತಿರ ಬೇರೆ ಲೆಕ್ಕ ಇದೆ:
ಹದಿನೇಳು ಆಲ್ಬಂ, ಇಬ್ಬರು ಗಂಡಂದಿರು,
ಗಾಜಿನ ಕಪಾಟಿನ ತುಂಬ ಚಿನ್ನದ ತಟ್ಟೆ.
ಅವರು ಬರೆಯುವುದಿಲ್ಲ,
ಮೊದಲ ವರ್ಷ ಕೋಳಿಫಾರಮ್ಮಿನ ಒಡೆಯರ ಔತಣದಲ್ಲಿ
ಅವಳು ಹಾಡುವಾಗ ಮುಳ್ಳುಚಮಚಗಳೇ ತಾಳ ಹಾಕಿದ್ದು;
ಕೊಟ್ಟದ್ದು ನಲವತ್ತು ಡಾಲರು, ಎರಡು ಟ್ರೇ ಮೊಟ್ಟೆ.
ಅವನ್ನು ತೊಡೆಯ ಮೇಲಿಟ್ಟುಕೊಂಡೇ ನ್ಯಾಶ್‌ವಿಲ್ ಮುಟ್ಟಿದಳು,
ತಿರುವು ಬಂದಾಗೆಲ್ಲ, "ಹಾಲಿಸ್, ನಿಧಾನ,
ನನ್ನ ಸಂಬಳ ಒಡೆದೀತು."

ಅವಳ ದನಿ ಚಂದವಿರಲಿಲ್ಲ. ಇದನ್ನು ನಾನು ಹೇಳಬಹುದು.
ತುಕ್ಕು ಹಿಡಿದ ಗೇಟು ತೆರೆದ ಹಾಗೆ ಮೇಲಕ್ಕೇರುತ್ತಿತ್ತು.
ಆದರೆ ಆ ಗೇಟಿನಾಚೆ
ಯಾರೋ ನಿಮ್ಮನ್ನೇ ಕಾದು ನಿಂತಿದ್ದಾರೆ ಅನ್ನಿಸುತ್ತಿತ್ತು.

ಕಂಪನಿಯವರು ಅದಕ್ಕೆ ಎಣ್ಣೆ ಬಿಡಲು ನೋಡಿದರು:
ಇಪ್ಪತ್ತು ಪಿಟೀಲು, ಮೆತ್ತನೆ ಕೋರಸ್ಸು,
ಕೆಂಟಕಿಯ ನಾಲಿಗೆ ತಿದ್ದಲು ಒಬ್ಬ ಮೇಷ್ಟ್ರು.
ಎರಡು ವರ್ಷ ರೆಕಾರ್ಡು ಮಾರಲಿಲ್ಲ. ಬಸ್ಸು ಮಾರಿದೆವು.
ಹಳೇ ಸ್ಟೇಷನ್ ವ್ಯಾಗನ್ನಿನಲ್ಲಿ ಐದು ಜನ,
ಡಬಲ್ ಬೇಸಿನ ಕತ್ತು ಕಿಟಕಿಯಾಚೆ;
ಅದಕ್ಕೆ ಅವಳದೇ ರೇನ್‌ಕೋಟು ಹೊದಿಸಿ
ಒಕ್ಲಹೋಮಾ ದಾಟಿದೆವು.

ಆಮೇಲೆ ಆ ಹಾಡು.
ಟುಲ್ಸಾ ಬಿಟ್ಟಾಗ ರಾತ್ರಿ ಎರಡೂವರೆ.
ಡ್ಯಾಶ್‌ಬೋರ್ಡಿನ ಹಸಿರು ಬೆಳಕಿನಲ್ಲಿ
ಟೋಲ್ ಚೀಟಿಯ ಬೆನ್ನಿಗೆ ಏನೋ ಗೀಚುತ್ತಿದ್ದಳು.
ಮನೆ ಕಡೆ ಹೇಗೆ ಎಂದು ಕೇಳಿದಳಂತೆ. ನಾನು ಅಂದೆನಂತೆ:
"ನಾನು ಹೋದರೆ ಇಮೋಜೀನ್
ನೆಂಟರ ತಟ್ಟೆ ತೆಗೆಯುತ್ತಾಳೆ."

ಅಂತೆ. ನನಗೆ ನೆನಪಿಲ್ಲ.
ತೂಕಡಿಸಬಾರದೆಂದು ಬಾಯಿಗೆ ಬಂದದ್ದು ಆಡುತ್ತಿದ್ದೆ,
ಎದುರಿನ ದೀಪಗಳ ಜೊತೆ, ವೈಪರಿನ ಜೊತೆ.

ಆ ಸಾಲನ್ನು ದೇಶವೆಲ್ಲ ಹಾಡಿತು.
ಲಾರಿಯವರು, ರಾತ್ರಿಪಾಳಿಯ ನರ್ಸುಗಳು, ರಜೆಗೆ ಬಂದ ಸಿಪಾಯಿ ಹುಡುಗರು
ಜೂಕ್‌ಬಾಕ್ಸಿಗೆ ಕಾಸು ಹಾಕಿ ತಲೆ ತಗ್ಗಿಸಿ ಕೇಳಿದರು.
ಇಮೋಜೀನ್ ಅಡಿಗೆಮನೆಯ ರೇಡಿಯೋದಲ್ಲಿ ಕೇಳಿದಳು.
ಏನೂ ಅನ್ನಲಿಲ್ಲ. ಮುಂದಿನ ಸಲ ನಾನು ಹೋದಾಗ
ಅಂಚು ಮುಕ್ಕಾದ ತಟ್ಟೆಯಲ್ಲಿ ಬಡಿಸಿದಳು,
ದಿನಾ ಉಣ್ಣುವ ತಟ್ಟೆಯಲ್ಲಿ.
ಅವತ್ತು ನಾನು ಎರಡು ಸಲ ಬಡಿಸಿಕೊಂಡೆ.

ವರ್ಷಾ ವರ್ಷಾ ಜನವರಿಗೆ ವರ್ಡೀಯ ಲಕೋಟೆ, ಒಳಗೆ ಚೆಕ್ಕು.
"ಆ ಮಾತು ನನ್ನದಲ್ಲ," ಎಂದು ವಾಪಸು ಒಯ್ದೆ.
"ನನ್ನದೂ ಅಲ್ಲ," ಅಂದಳು, ತಂತಿ ಬಿಗಿಯುತ್ತ,
"ದಾರಿಯಲ್ಲಿ ಸಿಕ್ಕಿದ್ದು.
ಗಾಡಿಯಲ್ಲಿ ಎಚ್ಚರವಿದ್ದವರು ಇಬ್ಬರೇ."

ಮೊನ್ನೆ ದೊಡ್ಡ ಸಭಾಂಗಣದಲ್ಲಿ ಸನ್ಮಾನ.
ಎಪ್ಪತ್ತನಾಲ್ಕು ಅವಳಿಗೆ, ಶ್ರುತಿ ಎರಡು ಮನೆ ಕೆಳಗಿಳಿದಿದೆ.
ಬ್ಯಾಟರಿ ಸರಿಯಿರಲಿಲ್ಲ, ಎಂಜಿನ್ ಆರಿಸದೆ
ನಾನು ಹಿಂದಿನ ಅಂಗಳದಲ್ಲೇ ಕೂತಿದ್ದೆ.
ಗೋಡೆಯೊಳಗಿಂದ ಆ ಹಾಡು ಬಂತು.
ಸಾಲು ಬರುವ ಹೊತ್ತಿಗೆ ಅವಳು ನಿಂತುಬಿಟ್ಟಳು;
ಸಾವಿರ ಜನ ಎತ್ತಿಕೊಂಡರು.
ಡೀಸೆಲ್ಲಿನ ಗದ್ದಲದಲ್ಲಿ ನನಗೆ ಪೂರ್ತಿ ಕೇಳಲಿಲ್ಲ.

ಬೂಟು ಕೈಯಲ್ಲಿ ಹಿಡಿದು ಹೊರಬಂದಳು,
ಫಲಕವನ್ನು ಕೋಟುಗಳ ಮೇಲೆ ಎಸೆದು
ಎಂದಿನ ಮೆಟ್ಟಿಲ ಮೇಲೆ ಕೂತಳು. "ಮೀಟರು ಎಷ್ಟು?"
ಹೇಳಿದೆ.
"ಹಸಿವು. ಈ ಹೊತ್ತಿನಲ್ಲಿ
ಮೊಟ್ಟೆ ಸಿಗುವ ಹೋಟೆಲು ಇದ್ದರೆ ನೋಡು."

ತಿರುವಿನಲ್ಲಿ ನಿಧಾನ ಮಾಡಿದೆ.
ಹಳೇ ಅಭ್ಯಾಸ.